ಹೆಲ್ಮೆಟ್ಟಿನಲ್ಲಿ ಹ್ಯಾಟೆ

ಹೋದ ಮಾಗಿಯಲ್ಲಿ 22 ದಿನ ನಾನು ಸ್ಕೂಟರ್ ಹತ್ತಲಿಲ್ಲ. ಕಾಲು ಮುರಿದಿರಲಿಲ್ಲ, ಪೆಟ್ರೋಲಿಗೆ ಬರವೂ ಬಂದಿರಲಿಲ್ಲ. ನನ್ನ ಹೆಲ್ಮೆಟ್ಟಿನೊಳಗೆ ಕೋಳಿ ಕಾವಿಗೆ ಕೂತಿತ್ತು.

ಮೈಸೂರಿನ ನಮ್ಮ ಮನೆಗೆ ಒಂದು ಪುಟ್ಟ ಹಿತ್ತಿಲಿದೆ. ಒಂದು ಕರಿಬೇವು, ಒಂದು ನುಗ್ಗೆ, ಬಟ್ಟೆ ಒಗೆಯುವ ಕಲ್ಲು, ಇವುಗಳ ನಡುವೆ ನಾಗಮಂಗಲದ ಕಡೆಯ ನಮ್ಮೂರಿನಿಂದ ತಂದ ಮೂರು ಹ್ಯಾಟೆ, ಒಂದು ಹುಂಜ. ಹುಂಜ ಬೆಳಗಿನ ಜಾವ ನಾಲ್ಕೂವರೆಗೇ ಕೂಗುತ್ತದೆಂದು ಪಕ್ಕದ ಮನೆಯವರ ತಕರಾರಿತ್ತು. ತಿಂಗಳಿಗೆ ಆರು ನಾಟಿ ಮೊಟ್ಟೆ ಕಪ್ಪ ಕೊಟ್ಟು ಅದನ್ನು ಬಗೆಹರಿಸಿಕೊಂಡಿದ್ದೇನೆ. ಈಗ ಹುಂಜ ಕೂಗದ ದಿನ ಅವರೇ ಕಾಂಪೌಂಡಿನ ಮೇಲಿಂದ ಇಣುಕಿ, ‘ಏನ್ ಸಾರ್, ಹುಷಾರಿಲ್ವಾ?’ ಎಂದು ವಿಚಾರಿಸುತ್ತಾರೆ.

ಹೆಲ್ಮೆಟ್ಟು ಹಿಂಬಾಗಿಲ ಪಕ್ಕದ ಗೂಡಿನಲ್ಲಿ ಬೋರಲು ಬಿದ್ದಿರುವುದು ರೂಢಿ. ಒಂದು ವಾರ ರಜೆ ಹಾಕಿ ಮನೆಯಲ್ಲಿದ್ದೆ. ಆ ವಾರ ಯಾರೋ, ಅಂದರೆ ನಾನೇ, ಅದನ್ನು ಅಂಗಾತ ಇಟ್ಟಿದ್ದೆ. ಕೆಂದು ಬಣ್ಣದ ಹ್ಯಾಟೆ ಅದನ್ನು ನೋಡಿ ಮೆಚ್ಚಿ, ದಿನಕ್ಕೊಂದರಂತೆ ಮೊಟ್ಟೆ ಇಡತೊಡಗಿತು. ರಜೆ ಮುಗಿದು ಆಫೀಸಿಗೆ ಹೊರಟ ದಿನ ಕೈ ಹಾಕಿದರೆ, ಒಳಗಿನಿಂದ ಕೊರ್ರ್ ಎಂಬ ಸದ್ದು ಬಂತು, ಹಿಂದೆಯೇ ಮುಂಗೈಗೊಂದು ಕುಟುಕು. ಇಣುಕಿದೆ. ಮೈಯೆಲ್ಲ ಉಬ್ಬಿಸಿಕೊಂಡು ಹ್ಯಾಟೆ ಹೆಲ್ಮೆಟ್ಟಿನ ಅಂಚಿನ ತನಕ ತುಂಬಿಕೊಂಡಿತ್ತು. ಕಣ್ಣು ನನ್ನನ್ನು ನೋಡುತ್ತಲೇ ಇರಲಿಲ್ಲ. ಆ ನೋಟ ನನಗೆ ಗೊತ್ತು. ನಲವತ್ತೈದು ವರ್ಷದ ಹಿಂದೆ ಅಜ್ಜಿಯ ನಡುಮನೆಯಲ್ಲಿ ನೋಡಿದ್ದೆ.

‘ಕಾವಿಗೆ ಬಂದದೆ’ ಅಂದೆ.

‘ಬಂದ್ರೆ ಬರ್ಲಿ. ಹೆಲ್ಮೆಟ್ ಬಿಡಿಸ್ಕೊಳ್ರಿ’ ಅಂದಳು ನನ್ನವಳು.

ಬಿಡಿಸಿಕೊಳ್ಳಲು ನೋಡಿದೆ. ಕಾವಿಗೆ ಕೂತ ಕೋಳಿಯ ಜಾಗ ಬದಲಿಸುವುದಾದರೆ ಕತ್ತಲಾದ ಮೇಲೆ ಬದಲಿಸಬೇಕು, ಹಗಲಲ್ಲಿ ಮುಟ್ಟಿದರೆ ಮನಸ್ಸು ಮುರಿದುಕೊಂಡು ಎದ್ದುಬಿಡುತ್ತದೆ. ಒಳ್ಳೆಯದೊಂದು ಮಂಕರಿ ತಂದು, ಹುಲ್ಲು ಹಾಸಿ, ರಾತ್ರಿ ಏಳೂ ಮೊಟ್ಟೆಯ ಸಮೇತ ಹ್ಯಾಟೆಯನ್ನು ಅದರೊಳಗೆ ಇಳಿಸಿದೆ. ಬೆಳಗ್ಗೆ ನೋಡಿದರೆ ಮೊಟ್ಟೆ ಮಂಕರಿಯಲ್ಲಿ, ಹ್ಯಾಟೆ ಖಾಲಿ ಹೆಲ್ಮೆಟ್ಟಿನಲ್ಲಿ. ಬರಿಯ ಸ್ಪಂಜಿನ ಮೇಲೆ ಅಷ್ಟೇ ಗಂಭೀರವಾಗಿ ಕೂತಿತ್ತು. ಮೊಟ್ಟೆಗಳನ್ನು ಸೋತವನಂತೆ ವಾಪಸು ಅದರ ಹೊಟ್ಟೆಯಡಿ ತಳ್ಳಿ, ಹೆಲ್ಮೆಟ್ಟು ಉರುಳದ ಹಾಗೆ ಎರಡು ಕಡೆ ಇಟ್ಟಿಗೆ ಒತ್ತುಕೊಟ್ಟು, ಸಿಟಿ ಬಸ್ಸು ಹಿಡಿದೆ.

ಅಜ್ಜಿಯ ಕಾಲದಲ್ಲಿ ಕೋಳಿಗೆ ಇಷ್ಟು ಸ್ವಾತಂತ್ರ್ಯ ಇರಲಿಲ್ಲ. ಯಾವ ಹ್ಯಾಟೆ ಕಾವಿಗೆ ಕೂರಬೇಕು, ಯಾವುದು ಕೂರಬಾರದು ಎಂಬುದು ಅವಳ ತೀರ್ಮಾನ. ನಾಟಿ ಹ್ಯಾಟೆ ಹತ್ತು ಹದಿನೈದು ಮೊಟ್ಟೆ ಇಟ್ಟರೆ ಸಾಕು, ಕಾವಿನ ಗುಂಗು ಹಿಡಿಯುತ್ತದೆ. ಗುಂಗು ಹಿಡಿದರೆ ಮೊಟ್ಟೆ ನಿಲ್ಲಿಸುತ್ತದೆ. ಎಲ್ಲವೂ ಒಟ್ಟಿಗೆ ಕೂತರೆ ಮನೆಯಲ್ಲಿ ಮೊಟ್ಟೆಯಿಲ್ಲ, ಸಂತೆಯ ಖರ್ಚಿಗೆ ಕಾಸಿಲ್ಲ. ಹಾಗಾಗಿ ಒಂದನ್ನು ಆರಿಸಿ ಉಳಿದವಕ್ಕೆ ಶಿಕ್ಷೆ. ಎರಡು ಮೂರು ದಿನ ಬಕೆಟ್ಟಿನ ತಣ್ಣೀರಿನಲ್ಲಿ ಹೊಟ್ಟೆ ಅದ್ದಿ ಬಿಡುವುದು, ಅದಕ್ಕೂ ಬಗ್ಗದಿದ್ದರೆ ಅದರದೇ ಪುಕ್ಕವೊಂದನ್ನು ಮೂಗಿನ ತೂತಿಗೆ ಸಿಕ್ಕಿಸುವುದು. ಮೂಗಿನಲ್ಲಿ ಪುಕ್ಕ ಸಿಕ್ಕಿಸಿಕೊಂಡ ಹ್ಯಾಟೆ ಅಂಗಳದ ತುಂಬ ತಲೆ ಕೊಡವುತ್ತ ಓಡಾಡುವಾಗ ನಾವು ಮಕ್ಕಳು ನಗುತ್ತಿದ್ದೆವು. ಅಜ್ಜಿ ನಗುತ್ತಿರಲಿಲ್ಲ. ‘ಅದಕ್ಕೂ ಆಸೆ ಅಲ್ವೇನ್ರಲಾ’ ಅಂದು ಅದಕ್ಕೆ ಒಂದು ಹಿಡಿ ರಾಗಿ ಹೆಚ್ಚಿಗೆ ಎರಚುತ್ತಿದ್ದಳು.

ಆಯ್ಕೆಯಾದ ಹ್ಯಾಟೆಗೆ ಮಾತ್ರ ಬಾಣಂತನಕ್ಕೆ ಮುಂಚೆಯೇ ಬಾಣಂತಿಯ ಉಪಚಾರ. ಮಂಕರಿಯ ತಳಕ್ಕೆ ಒಲೆಯ ಬೂದಿ, ಹೇನು ಹತ್ತದಿರಲೆಂದು. ಅದರ ಮೇಲೆ ಬೇವಿನ ಸೊಪ್ಪು, ಅದರ ಮೇಲೆ ಭತ್ತದ ಹುಲ್ಲು. ಹುಲ್ಲನ್ನು ಅಂಗೈಯಿಂದ ಒತ್ತಿ ಒತ್ತಿ ಬಟ್ಟಲಿನ ಹಾಗೆ ಮಾಡಿ, ಮೂಲೆಗೊಂದು ಕಬ್ಬಿಣದ ಮೊಳೆ, ಒಂದು ಇದ್ದಿಲ ಚೂರು, ಒಂದು ಒಣಮೆಣಸಿನಕಾಯಿ. ಇಲ್ಲದಿದ್ದರೆ ಗುಡುಗಿಗೆ ಮೊಟ್ಟೆ ಕೊಳೆಯುತ್ತದಂತೆ. ಗುಡುಗಿಗೂ ಮೊಳೆಗೂ ಏನು ಸಂಬಂಧವೆಂದು ನಾನು ಹೈಸ್ಕೂಲಿನ ವಿಜ್ಞಾನ ಓದಿ ಕೇಳಿದೆ. ‘ನಿಂಗೆ ಗೊತ್ತಿಲ್ದಿದ್ರೆ ಸುಮ್ನಿರು, ಮೊಳೆಗೆ ಗೊತ್ತದೆ’ ಎಂಬ ಉತ್ತರ ಬಂತು.

ಮೊಟ್ಟೆಗಳು ಅಷ್ಟು ಹೊತ್ತಿಗೆ ರಾಗಿ ಗುಡಾಣದಲ್ಲಿ ಚೂಪು ತುದಿ ಕೆಳಗಾಗಿ ನಿಂತಿರುತ್ತಿದ್ದವು. ಒಂದೊಂದನ್ನೇ ತೆಗೆದು ಕಿವಿಯ ಬಳಿ ಮೆಲ್ಲಗೆ ಅಲ್ಲಾಡಿಸಿ, ಲೊಳಕ್ ಎಂದದ್ದನ್ನು ಸಾರಿಗೆ, ಸದ್ದಿಲ್ಲದ್ದನ್ನು ಮಂಕರಿಗೆ. ಲೆಕ್ಕ ಯಾವಾಗಲೂ ಬೆಸ: ಒಂಬತ್ತು, ಹನ್ನೊಂದು, ಹೆಚ್ಚೆಂದರೆ ಹದಿಮೂರು. ‘ಅದರ ರೆಕ್ಕೆ ಎಷ್ಟಗಲವೋ ಸಂಸಾರ ಅಷ್ಟೇ.’ ದೀಪ ಹಚ್ಚುವ ಹೊತ್ತಿಗೆ ಹ್ಯಾಟೆಯನ್ನು ಇಳಿಸಿ, ಮೇಲೆ ಕುಕ್ಕೆ ಬೋರಲು ಹಾಕಿದರೆ ಒಂದು ಶುಭಕಾರ್ಯ ಮುಗಿದ ಹಾಗೆ.

ಏಳನೆಯ ದಿನ ಪರೀಕ್ಷೆ. ಹೆಂಚಿನ ನಡುವಿನ ಬೆಳಕಿಂಡಿಯಿಂದ ಬಿಸಿಲು ಕೋಲಿನಂತೆ ಇಳಿಯುವ ಜಾಗದಲ್ಲಿ ಅಜ್ಜಿ ಕೂರುತ್ತಿದ್ದಳು. ಮುಷ್ಟಿಯನ್ನು ಕೊಳವೆ ಮಾಡಿ ಅದರ ತುದಿಗೆ ಮೊಟ್ಟೆಯಿಟ್ಟು ಬಿಸಿಲಿಗೆ ಹಿಡಿದರೆ, ಒಳಗೆ ಕೆಂಪು ಎಳೆಗಳ ಒಂದು ಜೇಡ. ನಡುವೆ ಕಪ್ಪು ಚುಕ್ಕೆ. ಒಮ್ಮೆ ನನ್ನ ಕಣ್ಣಿಗೂ ಹಿಡಿದಳು. ಚುಕ್ಕೆ ಮಿಸುಕಿತು. ಉಸಿರು ಬಿಗಿಹಿಡಿದಿದ್ದವನು ನಾನೋ ಅದೋ ತಿಳಿಯಲಿಲ್ಲ. ಎಳೆ ಕಾಣದೆ ಬರಿದೇ ಹಳದಿಯಾಗಿ ಹೊಳೆದದ್ದು ಗೊಡ್ಡು, ಅದನ್ನು ಆಚೆ ಇಟ್ಟುಬಿಡುತ್ತಿದ್ದಳು. ಮಿಕ್ಕದ್ದನ್ನು ವಾಪಸು ಇಡುವ ಮುಂಚೆ ಕೆನ್ನೆಗೊಮ್ಮೆ ಒತ್ತಿಕೊಳ್ಳುವಳು, ಕಾವು ಸಮನಾಗಿದೆಯೋ ಇಲ್ಲವೋ ನೋಡಲು.

ದಿನದ ಲೆಕ್ಕ ಗೋಡೆಯ ಮೇಲೆ ಇದ್ದಿಲ ಗೆರೆಯಲ್ಲಿ. ಕೋಳಿಯ ಗೆರೆಗಳ ಪಕ್ಕದಲ್ಲೇ ಇನ್ನೊಂದು ಸಾಲಿತ್ತು. ಮಿಲಿಟರಿಯಲ್ಲಿದ್ದ ಚಿಕ್ಕಪ್ಪ ರಜೆ ಮುಗಿಸಿ ಹೋದ ದಿನದಿಂದ ಶುರುವಾದದ್ದು. ಕೋಳಿಯ ಸಾಲು 21ಕ್ಕೆ ನಿಲ್ಲುತ್ತಿತ್ತು, ಚಿಕ್ಕಪ್ಪನ ಸಾಲು ಬಾಗಿಲವಾಡ ದಾಟಿ ಮೂಲೆ ತಿರುಗಿ ಒರಳುಕಲ್ಲಿನ ತನಕ ಹೋಗುತ್ತಿತ್ತು. ಪ್ರತಿ ಹಿಂಡಿನಲ್ಲೂ ಒಂದು ಹುಂಜದ ಮರಿಯನ್ನು ‘ಇದು ಅವನು ಬಂದಾಗ’ ಎಂದು ಎತ್ತಿಡುತ್ತಿದ್ದಳು. ಒಂದು ಸಲ ರಜೆ ಸಿಗದೆ ಚಿಕ್ಕಪ್ಪ ಎರಡು ವರ್ಷ ಬರಲಿಲ್ಲ. ಎತ್ತಿಟ್ಟ ಹುಂಜಗಳು ನಾಲ್ಕಾಗಿ, ಒಂದನ್ನೊಂದು ಹೊಡೆದಾಡಿ, ಅಂಗಳ ಕುರುಕ್ಷೇತ್ರವಾಯಿತು. ಕಡೆಗೆ ಒಂದು ಸಂಜೆ ಚಿಕ್ಕಪ್ಪ ಕಬ್ಬಿಣದ ಟ್ರಂಕು ಹೊತ್ತು ಬಂದೇಬಿಟ್ಟ. ಕೋಳಿ ಕೇಳಿ ಖಾರ ಅರೆಯುವವರಾರು? ಅಜ್ಜಿ ಅರೆದಳು. ಆ ಯುಗಾದಿಗೆ ಸುಣ್ಣ ಬಳಿದು ಗೋಡೆ ಬೆಳ್ಳಗಾಯಿತು.

ಈಗ ಹೆಲ್ಮೆಟ್ಟಿನ ಮುಂದೆ ಸಂಜೆ ಹೊತ್ತು ಕುರ್ಚಿ ಹಾಕಿಕೊಂಡು ಕೂತಾಗ ಅನ್ನಿಸಿದ್ದು ಇದು. ಕನ್ನಡದಲ್ಲಿ ನೀರು ಕಾಯುತ್ತದೆ, ಹೊಲ ಕಾಯುತ್ತೇವೆ, ಬಸ್ಸಿಗೂ ಕಾಯುತ್ತೇವೆ. ಬಿಸಿಯಾಗುವುದು, ಕಾವಲಿರುವುದು, ಎದುರುನೋಡುವುದು, ಮೂರಕ್ಕೂ ಒಂದೇ ಮಾತು. ಯಾರೋ ವ್ಯಾಕರಣದವರು ಕೂಡಿಸಿದ್ದಲ್ಲ, ಯಾವುದೋ ಕಾಲದಲ್ಲಿ ಯಾರೋ ಕಾವಿನ ಕೋಳಿಯ ಮುಂದೆ ಹೀಗೇ ಕೂತಿದ್ದಾಗ ಹೊಳೆದದ್ದಿರಬೇಕು ಎಂದು ನನ್ನ ಗುಮಾನಿ. ಮೂರನ್ನೂ ಒಂದೇ ಭಂಗಿಯಲ್ಲಿ ಮಾಡುವ ಬೇರೆ ಪ್ರಾಣಿ ನಮ್ಮ ಹಿತ್ತಿಲಲ್ಲಂತೂ ಇಲ್ಲ.

ಮೊಟ್ಟೆಯೂ ಕಾಯುತ್ತದೆ. ಹ್ಯಾಟೆ ಏಳು ಮೊಟ್ಟೆಯನ್ನು ಏಳೆಂಟು ದಿನ ಹಿಡಿದು ಇಟ್ಟಿದೆ, ಆದರೂ ಮರಿಗಳು ಹೆಚ್ಚುಕಡಿಮೆ ಒಂದೇ ದಿನ ಹೊರಬರುತ್ತವೆ. ಮೊದಲು ಇಟ್ಟ ಮೊಟ್ಟೆ ಮೊದಲು ಒಡೆಯುವುದಿಲ್ಲ. ಇಟ್ಟ ಮೇಲೆ ತಣ್ಣಗಿದ್ದರೆ ಒಳಗಿನ ಜೀವ ಬೆಳೆಯುವುದನ್ನೇ ನಿಲ್ಲಿಸಿ ಸುಮ್ಮನಿರುತ್ತದೆ. ತಾಯಿ ಕೂತು ಕಾವು ತಗುಲಿದಾಗ ಎಲ್ಲಕ್ಕೂ ಒಟ್ಟಿಗೇ ಗಡಿಯಾರ ಶುರು. ಅಂದರೆ ಮೊಟ್ಟೆ ಕಾಯುವ ತನಕ ಕಾಯುತ್ತದೆ. ಹೆಚ್ಚು ದಿನವಲ್ಲ, ವಾರ ಹತ್ತು ದಿನ. ಆಮೇಲೆ ಅದರ ತಾಳ್ಮೆಯೂ ಮುಗಿಯುತ್ತದೆ.

ಇಷ್ಟೆಲ್ಲ ತಿಳಿದವನಂತೆ ಬರೆಯುತ್ತಿರುವ ನಾನು ಎರಡು ವರ್ಷದ ಹಿಂದೆ ಒಂದು ಯಂತ್ರ ತಂದಿದ್ದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಥರ್ಮಾಕೋಲಿನ ಪೆಟ್ಟಿಗೆ, ಒಳಗೆ ಬಲ್ಬು, ಸಣ್ಣ ಫ್ಯಾನು, ಮೊಟ್ಟೆಗಳನ್ನು ತಾನಾಗಿ ಹೊರಳಿಸುವ ತಟ್ಟೆ, ಮೇಲೆ ಕೆಂಪಗೆ 37.5 ಎಂದು ಮಿನುಗುವ ಅಂಕಿ. 24 ಮೊಟ್ಟೆ ಇಟ್ಟೆ. ಊಟ ಮಾಡುವಾಗ ಅಂಕಿ, ಮಲಗುವಾಗ ಅಂಕಿ. ಹದಿನಾರನೆಯ ರಾತ್ರಿ ಮಳೆ ಬಂತು, ಕರೆಂಟು ಹೋಯಿತು. ಮಳೆಯ ತಂಪಿಗೆ ನನಗೆ ಒಳ್ಳೆಯ ನಿದ್ದೆ. ಬೆಳಗ್ಗೆ ಎದ್ದಾಗ ಅಂಕಿಯಿಲ್ಲ. ಮುಟ್ಟಿದರೆ ಮೊಟ್ಟೆ ಫ್ರಿಜ್ಜಿನಿಂದ ತೆಗೆದ ಹಾಗೆ. ಕರೆಂಟು ಬಂದ ಮೇಲೂ ಎಂಟು ದಿನ ಆಸೆ ಬಿಡದೆ ನೋಡಿ, ಇಪ್ಪತ್ತನಾಲ್ಕನೆಯ ದಿನ ಒಂದನ್ನು ಒಡೆದೆ. ಮನೆಯಲ್ಲಿ ಮೂರು ದಿನ ಸಾಂಬ್ರಾಣಿ ಹಾಕಬೇಕಾಯಿತು. ‘ಕೋಳಿಗೆ ಕರೆಂಟ್ ಹೋಗಲ್ಲ ಕಣ್ರೀ’ ಎಂದು ನನ್ನವಳು ಅಂದದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕಾದೆ, ಆದರೆ ಕಾಯಲಿಲ್ಲ. ಹಾಗಾಗಿ ಮೊಟ್ಟೆಯೂ ಕಾಯಲಿಲ್ಲ.

ಕೋಳಿಯಿಲ್ಲದೆ ಮರಿ ಮಾಡಿಸುವ ಹಟ ನನ್ನೊಬ್ಬನದೇ ಅಲ್ಲ, ಬಹಳ ಹಳೆಯದು. ಈಜಿಪ್ಟಿನವರು ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಮಣ್ಣಿನ ಇಟ್ಟಿಗೆಯ ದೊಡ್ಡ ಗೂಡುಗಳಲ್ಲಿ ಸಗಣಿ, ಹುಲ್ಲು ಉರಿಸಿ ಸಾವಿರಗಟ್ಟಲೆ ಮೊಟ್ಟೆ ಮರಿ ಮಾಡಿಸುತ್ತಿದ್ದರು. ಗೂಡಿನ ಯಜಮಾನ ಅಲ್ಲೇ ಉಂಡು ಅಲ್ಲೇ ಮಲಗುತ್ತಿದ್ದ. ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ಒತ್ತಿಕೊಂಡು ಕಾವು ಹೇಳುತ್ತಿದ್ದ. ಈ ವಿದ್ಯೆಯನ್ನು ಫ್ರಾನ್ಸಿಗೆ ಒಯ್ಯಬೇಕೆಂದು ಹೊರಟು 1749ರಲ್ಲಿ ಪುಸ್ತಕವನ್ನೇ ಬರೆದವನು ರೋಮ್ಯೂರ್ ಎಂಬ ವಿಜ್ಞಾನಿ. ತಾಪಮಾನದ ಒಂದು ಅಳತೆಗೆ ತನ್ನ ಹೆಸರನ್ನೇ ಬಿಟ್ಟುಹೋದವನು. ಅಂಥವನೂ ರೆಪ್ಪೆಯ ಲೆಕ್ಕವನ್ನು ಥರ್ಮಾಮೀಟರಿಗೆ ಇಳಿಸಲು ಹೆಣಗಬೇಕಾಯಿತು. ಓದುವಾಗ ನನಗೆ ಅಜ್ಜಿಯ ಕೆನ್ನೆ ನೆನಪಾಯಿತು.

ಅವನಿಗಿಂತ ಎರಡು ಸಾವಿರ ವರ್ಷ ಹಿಂದೆ ಅರಿಸ್ಟಾಟಲ್ ದಿನಕ್ಕೊಂದು ಮೊಟ್ಟೆ ಒಡೆದು ನೋಡಿ, ಮೂರು ಹಗಲು ಮೂರು ರಾತ್ರಿ ಕಳೆದ ಮೇಲೆ ಬಿಳಿಯ ಮೇಲೊಂದು ರಕ್ತದ ಚುಕ್ಕೆ ಜೀವವಿರುವಂತೆ ಮಿಡಿಯುತ್ತದೆ, ಅದೇ ಹೃದಯ ಎಂದು ಬರೆದಿಟ್ಟ. ಅಜ್ಜಿಯ ಬೆಳಕಿಂಡಿಯಲ್ಲಿ ನಾನು ಕಂಡ ಮಿಸುಕಾಟದ ಹಿಂದಿನ ಅಧ್ಯಾಯ ಅದು. ಅದೇ ಪುಸ್ತಕದಲ್ಲಿ ಸಿರಾಕ್ಯೂಸಿನ ಒಬ್ಬ ಕುಡುಕನ ಕತೆಯೂ ಇದೆ. ತಾನು ಮಲಗುವ ಚಾಪೆಯಡಿ ಮೊಟ್ಟೆಯಿಟ್ಟು, ಅವು ಮರಿಯಾಗುವ ತನಕ ಬಿಡದೆ ಕುಡಿಯುತ್ತ ಕೂತಿದ್ದನಂತೆ. ಅವನ ಹೆಂಡತಿ ಏನಂದಳೆಂದು ಅರಿಸ್ಟಾಟಲ್ ಬರೆದಿಲ್ಲ. ನಾನು ಊಹಿಸಬಲ್ಲೆ.

ಕಡೆಗೆ ಯಂತ್ರವೇ ಗೆದ್ದಿತು. ಗೆದ್ದ ಮೇಲೆ ಕೋಳಿಗೆ ಕಾವು ಯಾಕೆ? ಕೂತರೆ ಮೊಟ್ಟೆ ನಿಲ್ಲುತ್ತದೆ, ನಿಂತರೆ ನಷ್ಟ. ಕೂರುವ ಹ್ಯಾಟೆಗಳನ್ನು ಬಿಟ್ಟು, ಕೂರದವನ್ನೇ ಆರಿಸಿ ಆರಿಸಿ ತಳಿ ಮಾಡಿ, ಬಿಳಿ ಲೆಗ್‌ಹಾರ್ನ್ ಕೋಳಿಯ ಮೈಯಿಂದ ಆ ಗುಂಗನ್ನೇ ತೆಗೆದುಹಾಕಿದರು. ಅದು ವರ್ಷಕ್ಕೆ 300ರ ಹತ್ತಿರ ಮೊಟ್ಟೆ ಇಡುತ್ತದೆ, ಒಂದರ ಮೇಲೂ ಕೂರುವುದಿಲ್ಲ. ಅಜ್ಜಿ ಬಕೆಟ್ಟಿನಲ್ಲಿ ಅದ್ದಿ ಮೂರು ದಿನಕ್ಕೆ ಬಿಡಿಸುತ್ತಿದ್ದುದನ್ನು ಇವರು ತಲೆಮಾರುಗಟ್ಟಲೆ ಅದ್ದಿ ಶಾಶ್ವತವಾಗಿ ಬಿಡಿಸಿದರು. ಹೆಚ್ಚಿಗೆ ಒಂದು ಹಿಡಿ ರಾಗಿ ಎರಚಿದರೋ ಇಲ್ಲವೋ ಕಾಣೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹಳ್ಳಿಯ ಹಿತ್ತಿಲಿಗೆಂದೇ ಗಿರಿರಾಜ ಕೋಳಿಯನ್ನು ಮಾಡಿಕೊಟ್ಟಾಗ ನಮ್ಮೂರಿಗೂ ಅದು ಬಂತು. ಮೈ ತುಂಬಿದ ಕೋಳಿ, ನಾಟಿಗಿಂತ ಎರಡು ಪಟ್ಟು ಮೊಟ್ಟೆ. ಆದರೆ ಅದಕ್ಕೂ ಕಾವಿನ ಚಿಂತೆಯಿಲ್ಲ. ಊರಿನವರು ತಲೆ ಕೆಡಿಸಿಕೊಳ್ಳಲಿಲ್ಲ. ಗಿರಿರಾಜನ ಮೊಟ್ಟೆಯನ್ನು ನಾಟಿ ಹ್ಯಾಟೆಯ ಕೆಳಗೆ ತಳ್ಳಿದರು. ಎರಡು ತಿಂಗಳಾದ ಮೇಲೆ ತಾಯಿಗಿಂತ ಎತ್ತರದ ಮಕ್ಕಳು ಅವಳ ರೆಕ್ಕೆಯಡಿ ತಲೆ ತೂರಿಸಲು ಹೋಗಿ, ಅವಳನ್ನೇ ಮೇಲಕ್ಕೆತ್ತಿ ನಿಲ್ಲುವುದನ್ನು ಕಂಡಿದ್ದೇನೆ.

ನಾಟಿಯ ಈ ಹಟ ಕಾಡಿನದು. ಎಲ್ಲ ಕೋಳಿಗೂ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ ಎನ್ನುತ್ತಾರೆ. ಹಳದಿ ಕಾಲು ಮಾತ್ರ ಅಲ್ಲಿಂದ ಬಂದದ್ದಲ್ಲ. ಕೋಳಿಯ ಚರ್ಮಕ್ಕೆ ಹಳದಿ ತಂದ ಗುಣ ನಮ್ಮ ದಕ್ಷಿಣದ ಬೂದು ಕಾಡುಕೋಳಿಯಿಂದ ಬಂದಿದೆ ಎಂದು 2008ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಬಂಡೀಪುರದ ರಸ್ತೆಯಲ್ಲಿ ಬೆಳಗ್ಗೆ ಹಳುವಿನಿಂದ ಹಳುವಿಗೆ ಓಡುತ್ತದಲ್ಲ, ಅದೇ. ಹೆಲ್ಮೆಟ್ಟಿನ ಹ್ಯಾಟೆಯ ನೆಂಟಸ್ತಿಕೆ ಅಲ್ಲಿಯ ತನಕ ಹೋಗುತ್ತದೆಂದು ತಿಳಿದ ಮೇಲೆ ಇವಳ ಹಳದಿ ಕಾಲಿನ ಮೇಲೆ ನನಗೆ ಸ್ವಲ್ಪ ಗೌರವ ಹೆಚ್ಚಾಯಿತು. ದಿನಕ್ಕೊಂದೇ ಸಲ, ಹದಿನೈದಿಪ್ಪತ್ತು ನಿಮಿಷ ಎದ್ದು, ರಾಗಿ ತಿಂದು, ನೀರು ಕುಡಿದು, ಮೂಗು ಮುಚ್ಚಿಕೊಳ್ಳುವಂಥ ಒಂದು ದೊಡ್ಡ ಹಿಕ್ಕೆ ಹಾಕಿ, ಬೂದಿಯಲ್ಲಿ ಹೊರಳಿ, ಓಡಿ ಬರುತ್ತಿದ್ದಳು. ಕೂತ ಮೇಲೂ ಸುಮ್ಮನಿರುವವಳಲ್ಲ. ಕೊಕ್ಕಿನಿಂದ ಅಂಚಿನ ಮೊಟ್ಟೆಯನ್ನು ನಡುವಿಗೆ, ನಡುವಿನದನ್ನು ಅಂಚಿಗೆ ಹೊರಳಿಸುತ್ತಲೇ ಇರುವಳು. ಎದೆಯ ಪುಕ್ಕ ಉದುರಿ ಚರ್ಮ ಬರಿದಾಗಿತ್ತು, ಮೊಟ್ಟೆಗೂ ಮೈಗೂ ನಡುವೆ ಏನೂ ಅಡ್ಡ ಬಾರದ ಹಾಗೆ. ಎತ್ತಿ ನೋಡಿದಾಗ ತೂಕವೇ ಇರಲಿಲ್ಲ.

ಇಪ್ಪತ್ತನೆಯ ರಾತ್ರಿ ಹೆಲ್ಮೆಟ್ಟಿಗೆ ಕಿವಿಯಿಟ್ಟೆ. ಚಿಂವ್. ಎಲ್ಲೋ ದೂರದ ಬಾವಿಯೊಳಗಿನಿಂದ ಬಂದ ಹಾಗೆ. ಹ್ಯಾಟೆ ಗಂಟಲಿನಲ್ಲೇ ಏನೋ ಅಂದಳು. ಮತ್ತೆ ಚಿಂವ್. ಒಡೆಯದ ಚಿಪ್ಪಿನ ಆಚೆ ಈಚೆ ತಾಯಿಮಕ್ಕಳ ಮಾತು ನಡೆದಿತ್ತು. ಮೂರು ಗಂಟೆಗೆ ಎಚ್ಚರವಾಗಿ ಬಂದರೆ ನನ್ನ ಕುರ್ಚಿ ಖಾಲಿಯಿರಲಿಲ್ಲ. ಹೆಲ್ಮೆಟ್ ಬಿಡಿಸ್ಕೊಳ್ರಿ ಅಂದಿದ್ದವಳು ಶಾಲು ಹೊದ್ದು, ಟೀ ಲೋಟ ಹಿಡಿದು ಕೂತಿದ್ದಳು. ‘ಸದ್ದು ಮಾಡ್ಬೇಡಿ’ ಎಂದು ನನಗೇ ಗದರಿದಳು.

ಬೆಳಗಾಗುವಾಗ ಒಂದು ಮೊಟ್ಟೆಯ ದಪ್ಪ ತುದಿಯ ಹತ್ತಿರ ನಕ್ಷತ್ರದಂಥ ಬಿರುಕು ಕಂಡಿತು. ನಡುವೆ ಸಾಸಿವೆಯಷ್ಟು ತೂತು, ಅದರಲ್ಲಿ ಕೊಕ್ಕಿನ ತುದಿ. ತುದಿಯ ಮೇಲೆ ಒಂದು ಬಿಳಿಯ ಮುಳ್ಳು. ಚಿಪ್ಪು ಒಡೆಯಲೆಂದೇ ಬರುವ ಆಯುಧ, ಕೆಲಸ ಮುಗಿದು ಒಂದೆರಡು ದಿನಕ್ಕೆ ಉದುರಿಹೋಗುತ್ತದೆ. ಒಂದು ಏಟು, ಬಹಳ ಹೊತ್ತು ವಿಶ್ರಾಂತಿ. ಮತ್ತೊಂದು ಏಟು. ಗಂಟೆಗಟ್ಟಲೆ ಇದೇ. ನನ್ನವಳ ಬೆರಳು ತವಕಿಸಿತು. ‘ಸ್ವಲ್ಪ ಬಿಡಿಸ್ಲಾ?’ ನಾನು ಅಜ್ಜಿಯ ಮಾತನ್ನೇ ಹೇಳಿದೆ: ‘ಬಿಡಿಸಬ್ಯಾಡ, ನೆತ್ತರು ಬತ್ತದೆ.’ ನಿಜವೇ. ಒಳಪೊರೆಯ ನಾಳಗಳಲ್ಲಿ ಇನ್ನೂ ರಕ್ತ ಹರಿಯುತ್ತಿರುತ್ತದೆ. ಅದೆಲ್ಲ ಮೈಗೆ ಸೇರಿ, ಉಳಿದ ಹಳದಿಯೂ ಹೊಟ್ಟೆಯೊಳಕ್ಕೆ ಹೋದ ಮೇಲೆಯೇ ಮರಿ ಹೊರಡಬೇಕು. ನಾವು ನಿಧಾನ ಎಂದುಕೊಳ್ಳುವುದು ಅದಕ್ಕೆ ಬುತ್ತಿ ಕಟ್ಟಿಕೊಳ್ಳುವ ಹೊತ್ತು. ಮಧ್ಯಾಹ್ನ ಎರಡಕ್ಕೆ ಚಿಪ್ಪು ಡಬ್ಬಿಯ ಮುಚ್ಚಳದಂತೆ ತೆರೆದುಕೊಂಡು, ಮಳೆಯಲ್ಲಿ ನೆಂದ ಬತ್ತಿಯಂಥದ್ದೊಂದು ಹೊರಕ್ಕೆ ಬಿತ್ತು. ಸಂಜೆಗೆ ಅದು ಒಣಗಿ ಹತ್ತಿ ಉಂಡೆಯಾಗಿತ್ತು.

ರಾತ್ರಿಯ ಹೊತ್ತಿಗೆ ಐದಾದವು. ಆ ಹೊಟ್ಟೆಯೊಳಗಿನ ಬುತ್ತಿಯ ದೆಸೆಯಿಂದ ಮರಿಗಳಿಗೆ ಎರಡು ದಿನ ಊಟ ಬೇಕಿಲ್ಲ. ತಡವಾಗಿ ಬರುವ ತಮ್ಮ ತಂಗಿಯರಿಗೆ ತಾಯಿ ಕಾಯಲೆಂದೇ ಮಾಡಿದ ಏರ್ಪಾಡು. ಇವಳೂ ಕಾದಳು, ಮಾರನೆಯ ದಿನ ಮಧ್ಯಾಹ್ನದ ತನಕ. ಆಮೇಲೆ ಎದ್ದಳು. ಅಂಚಿನ ಮೇಲೆ ನಿಂತು ಒಮ್ಮೆ ಕೊಡವಿ, ಕೆಳಗೆ ಹಾರಿ, ಕರೆದಳು. ಐದು ಮರಿಗಳು ಹೆಲ್ಮೆಟ್ಟಿನ ಬಾಯಿಂದ ಪಟಪಟನೆ ಉದುರಿದವು. ನುಚ್ಚು ಎರಚಿದೆ. ತಾನು ತಿನ್ನದೆ ಒಂದು ಕಾಳು ಎತ್ತಿ ಬೀಳಿಸಿ ಕರೆದಳು, ಮತ್ತೆ ಎತ್ತಿ ಬೀಳಿಸಿದಳು. ಬಸವಣ್ಣನವರು ವಚನದೊಳಗೆ ಕರೆದು ಕೂರಿಸಿದ ಕೋಳಿ ಇದೇ. 21 ದಿನ ಅರೆಹೊಟ್ಟೆಯಲ್ಲಿದ್ದವಳು ಎಂಬುದನ್ನು ಸೇರಿಸಿಕೊಂಡು ನೋಡಬೇಕು.

ಹೆಲ್ಮೆಟ್ಟಿನಲ್ಲಿ ಎರಡು ಮೊಟ್ಟೆ ಉಳಿದಿದ್ದವು. ಟಾರ್ಚು ಹಿಡಿದೆ. ಒಂದು ಗೊಡ್ಡು. ಇನ್ನೊಂದರಲ್ಲಿ ಮರಿ ತುಂಬಿತ್ತು, ಮಿಸುಕಲಿಲ್ಲ. ಅವಳು ತಿರುಗಿಯೂ ನೋಡಲಿಲ್ಲ. ಚಿಕ್ಕವನಿದ್ದಾಗ ಹೀಗೆ ಉಳಿದ ಮೊಟ್ಟೆಗೆ ಕಣ್ಣೀರಿಟ್ಟು, ಹ್ಯಾಟೆಯನ್ನು ಮತ್ತೆ ಹಿಡಿದು ಕೂರಿಸು ಎಂದು ನಾನು ಹಟ ಹಿಡಿದದ್ದಿದೆ. ‘ಅದಕ್ಕೆ ಲೆಕ್ಕ ಗೊತ್ತದೆ ಮಗ, ಎದ್ದಿರೋವ್ನ ನೋಡ್ಕಬೇಕಲ್ಲ’ ಅಂದಿದ್ದಳು ಅಜ್ಜಿ. ಅಂದವಳು ಎದ್ದುಹೋಗಿ, ಗೋಡೆಯ ಇನ್ನೊಂದು ಸಾಲಿಗೆ ಅವತ್ತಿನ ಗೆರೆ ಎಳೆದಳು. ಎರಡು ಮೊಟ್ಟೆಯನ್ನೂ ಕರಿಬೇವಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದೆ.

ಹೆಲ್ಮೆಟ್ಟನ್ನು ನನ್ನವಳು ಸೋಪಿನ ಪುಡಿ, ಡೆಟ್ಟಾಲು, ಕಡೆಗೆ ಅರಿಶಿನದ ನೀರನ್ನೂ ಹಾಕಿ ತೊಳೆದು, ಬಟ್ಟೆ ಕಲ್ಲಿನ ಮೇಲೆ ಅಂಗಾತ ಇಟ್ಟಳು. ಮರುದಿನ ಮಧ್ಯಾಹ್ನ ಪಶು ಆಸ್ಪತ್ರೆಗೆ ಹೊರಟೆ, ಕೊಕ್ಕರೆ ರೋಗದ ಹನಿ ಯಾವತ್ತು ಹಾಕಿಸಬೇಕೆಂದು ವಿಚಾರಿಸಲು. ಹಿತ್ತಿಲಿಗೆ ಹೋಗಿ ಹೆಲ್ಮೆಟ್ಟು ಎತ್ತಿಕೊಂಡೆ. ಒಳಗೆ ಸ್ಪಂಜಿನ ಸಂದಿಯಲ್ಲಿ ಕೆಂದು ಪುಕ್ಕವೊಂದು ಸಿಕ್ಕಿಕೊಂಡಿತ್ತು, ತೆಗೆಯಲಿಲ್ಲ. ಹಾಗೆಯೇ ತಲೆಗೆ ಹಾಕಿಕೊಂಡೆ.

ಕಾದಿತ್ತು.